ಹಳದಿ ಬಳಿಯಲು ಹೋಗಿ ಒಂದು ಬಕೆಟ್ ಆರತಿ ನೀರು

ನಮಸ್ಕಾರ. ಬೆಳಗ್ಗೆ ಆರೂವರೆ, ಚಾಮರಾಜಪೇಟೆ, ನಮ್ಮ ಮನೆ ಹಿಂದಿನ ಗಲ್ಲಿ. ಕ್ಯಾಮೆರಾ ಅಲ್ಲಾಡ್ತಿದೆ, ಅದಕ್ಕೆ ಬೈಬೇಡಿ. ಹಿಡಿದಿರೋನು ನನ್ನ ತಮ್ಮ, ಅವನಿಗೆ ಇನ್ನೂ ಕಾಫಿ ಆಗಿಲ್ಲ.

ಈ ಗೋಡೆ ನೋಡಿ. ನಮ್ಮ ಏರಿಯಾದ ಬ್ಲಾಕ್‌ಸ್ಪಾಟ್ ಇದೇ, ಅಂದರೆ ಎಲ್ಲರೂ ಕಸ ತಂದು ಎಸೆಯೋ ಜಾಗ. ಪೌರಕಾರ್ಮಿಕರು ಏಳು ಗಂಟೆಗೆ ಕಸ ಎತ್ತಿದರೆ, ಒಂಬತ್ತಕ್ಕೆ ಹೊಸ ಕವರು ಬಂದು ಕೂತಿರುತ್ತದೆ. ಯಾರೋ ದೇವರ ಟೈಲ್ಸ್ ಅಂಟಿಸಿ ನೋಡಿದರು. ನಮ್ಮ ಜನ ಭಕ್ತಿವಂತರು, ದೇವರಿಂದ ಎರಡಡಿ ಆಚೆ ಸರಿದು ಕೆಲಸ ಮುಗಿಸಿದರು. ಇಲ್ಲೊಂದು ನವಿಲು ಬರೀಲಾ ಅಂತ ಗೋಡೆ ಯಜಮಾನರನ್ನು ಕೇಳಿದ್ದಕ್ಕೆ, 'ಏನಾದ್ರೂ ಬರ್ಕೊಳ್ಳಿ, ದುಡ್ಡು ಮಾತ್ರ ಕೇಳ್ಬೇಡಿ' ಅಂದರು. ಅಷ್ಟು ಸಾಕಾಯ್ತು.

ಉಜ್ಜುವುದು, ತೊಳೆಯುವುದು ಎಲ್ಲ ಓಡಿಸಿಬಿಡ್ತೀನಿ, ನೋಡ್ತಾ ಇರಿ. ಅಷ್ಟರಲ್ಲಿ ಬಣ್ಣದ ವಿಷಯ.

ನಾವೆಲ್ಲ ಗೋಡೆ ಮೇಲೆ ಬಳಿಯುತ್ತೇವಲ್ಲ ಅಕ್ರಿಲಿಕ್, ಅದು ಪ್ಲಾಸ್ಟಿಕ್. ಕುಂಚ ತೊಳೆದ ನೀರು ಮೋರಿಗೆ, ಮೋರಿಯಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ನಾನೇ ಹೋದ ವರ್ಷ 'ಕೆರೆ ಉಳಿಸಿ' ಅಂತ ದೊಡ್ಡದಾಗಿ ಬರೆದು, ಬಕೆಟ್ ತೊಳೆದು ಮೋರಿಗೆ ಸುರಿದವಳು. ಯಾರೂ ಏನೂ ಅನ್ನಲಿಲ್ಲ, ಲೈಕ್ ಕೊಟ್ಟರು. ಹಾಗಾಗಿ ಈ ಸಲ ಸುಣ್ಣ, ಕೆಮ್ಮಣ್ಣು, ಅರಿಶಿನ. ಅಜ್ಜಿ ಮನೆ ಬಣ್ಣ. ಸುಣ್ಣದ ಕಲ್ಲಿಗೆ ನಿನ್ನೆ ರಾತ್ರಿಯೇ ನೀರು ಹಾಕಿದ್ದೆ. ಗೊಳಗೊಳ ಕುದಿಯಿತು. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮಾತ್ರ ಮಾಡಬೇಡಿ, ಕನ್ನಡಕ ಇಲ್ಲದೆ ಬಗ್ಗಿ ನೋಡಬೇಡಿ.

ಈಗ ಬರುತ್ತೆ ನೋಡಿ ಆ ಶಾಟ್. ಇದನ್ನು ಕಟ್ ಮಾಡೋಣ ಅಂದೆ, ತಮ್ಮ ಬಿಡಲಿಲ್ಲ.

ನವಿಲಿನ ಹಿಂದೆ ಹಳದಿ ಬರಬೇಕಿತ್ತು. ಗ್ರಂಧಿಗೆ ಅಂಗಡಿಯಿಂದ ಅರ್ಧ ಕೆಜಿ ಅರಿಶಿನ ತಂದಿದ್ದೆ, 150 ರೂಪಾಯಿ. ಪುಟ್ಟ ಡಬ್ಬಿ ಪೇಂಟೇ ಅಗ್ಗ, ಹೇಳಿಬಿಡ್ತೀನಿ. ತಿಳಿ ಸುಣ್ಣದ ಬಕೆಟ್‌ಗೆ ಪೂರ್ತಿ ಸುರಿದೆ. ಕೋಲಿಂದ ತಿರುಗಿಸಿದೆ. ಒಂದು ಸುತ್ತು ಅಷ್ಟೆ. ಕೆಂಪು! ಹಳದಿಯ ಸುಳಿವೂ ಇಲ್ಲ. ನನ್ನ ಮುಖ ನೋಡಿ ಅಲ್ಲಿ. ಪೊಟ್ಟಣ ಮತ್ತೆ ತಿರುಗಿಸಿ ಓದುತ್ತಿದ್ದೀನಿ. ಅಂಗಡಿಯವರು ಕಲಬೆರಕೆ ಮಾಲು ಕೊಟ್ಟರು ಅಂತ ಬೈಯೋಕೆ ಫೋನ್ ತೆಗೆದಿದ್ದೀನಿ.

ಅಷ್ಟರಲ್ಲಿ ಎದುರು ಮನೆ ಆಂಟಿ, ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಬಂದರು. ಬಕೆಟ್ ಒಳಗೆ ಇಣುಕಿದರು. 'ಯಾರಿಗಮ್ಮ ಮದುವೆ? ಇಡೀ ಬೀದಿಗೆ ಎತ್ತೋವಷ್ಟು ಆರತಿ ನೀರು ಮಾಡಿದ್ದೀಯ!'

ಅರಿಶಿನ, ಸುಣ್ಣ. ಸೇರಿದರೆ ಓಕುಳಿ. ಹುಟ್ಟಿದಾಗಿನಿಂದ ನನಗೆ ಎತ್ತುತ್ತಿರುವ ಆರತಿ. ಸ್ಕೂಲಲ್ಲಿ ಅರಿಶಿನದ ಪೇಪರ್ ಕ್ಷಾರಕ್ಕೆ ಅದ್ದಿ ಮಾರ್ಕ್ಸ್ ಬೇರೆ ತಗೊಂಡಿದ್ದೀನಿ. ಅದೆಲ್ಲ ತಲೆಯ ಯಾವ ಮೂಲೆಯಲ್ಲಿತ್ತೋ! ಮೇಲಾಗಿ ಆಂಟಿ ಹೇಳಿದ್ದು, ಅರಿಶಿನ ಬಿಸಿಲಿಗೆ ನಿಲ್ಲೋದೇ ಇಲ್ಲ, ಗೋಡೆಗೆ ಹಳದಿ ಮಣ್ಣು ಬೇಕು, ಕೆಮ್ಮಣ್ಣಿನ ಹಾಗೆ ಮಣ್ಣಿನ ಬಣ್ಣ ಮಾಸೋದಿಲ್ಲ ಅಂತ. 150 ರೂಪಾಯಿ ಕಣ್ರೀ. ಎರಡು ತಿಂಗಳ ಅಡುಗೆಗೆ ಆಗುತ್ತಿತ್ತು.

ಆಮೇಲೆ ಆಂಟಿ ಹೋಗಲೇ ಇಲ್ಲ. ಕೆಮ್ಮಣ್ಣು ಕೈಗೆ ತಗೊಂಡು ಗೋಡೆ ಕೆಳಗೆ ಪಟ್ಟಿ ಬಳಿದರು. ದಿ ಅಗ್ಲಿ ಇಂಡಿಯನ್ ಅನ್ನೋ ಸ್ವಯಂಸೇವಕರ ಗುಂಪಿನವರು 2010ರಿಂದ ಊರೆಲ್ಲ ಗೋಡೆ ಕ್ಲೀನ್ ಮಾಡುತ್ತಾ ಕೆಳಗೆ ಕಾವಿ ಬಣ್ಣ ಬಳಿಯುತ್ತಾರಲ್ಲ, ಉಗಿದರೂ ಕಾಣಬಾರದು ಅಂತ, ಅದೇ ಉಪಾಯ. ಬಳಿಯುತ್ತಾ ನಾನು ಕೇಳಿದೆ, ಅರಮನೆ ರಸ್ತೆ ಆರ್ಟ್ ಗ್ಯಾಲರಿಗೆ ಯಾವಾಗಾದ್ರೂ ಹೋಗಿದ್ದೀರಾ ಆಂಟಿ? ಕೈ ನಿಲ್ಲಿಸಿದರು. 'ನಮ್ಮನ್ನ ಒಳಗೆ ಬಿಡ್ತಾರಾ?'

ಬಿಡ್ತಾರೆ, ಟಿಕೆಟ್ ಕೂಡ ಜಾಸ್ತಿ ಇಲ್ಲ. ಆದರೆ ಆ ಗೇಟು ಇದೆಯಲ್ಲ, ಅದೇ ಕೆಲವರಿಗೆ ಸಾಕು. ಚಿತ್ರಸಂತೆ ನನಗೆ ಇಷ್ಟ ಆಗೋದು ಅದಕ್ಕೇ. 2004ರಿಂದ ಚಿತ್ರಕಲಾ ಪರಿಷತ್ತಿನವರು ಜನವರಿ ಬಂತೆಂದರೆ ಕುಮಾರಕೃಪಾ ರಸ್ತೆ ತುಂಬ ಚಿತ್ರ ಹರಡುತ್ತಾರೆ. ಗೇಟಿಲ್ಲ, ಕಡ್ಲೆಕಾಯಿ ತಿನ್ನುತ್ತಾ ನೋಡಬಹುದು. ನೂಕುನುಗ್ಗಲು ಮಾತ್ರ ಅಸಾಧ್ಯ, ಹೋದ ಸಲ ನಾನು ಚಿತ್ರಕ್ಕಿಂತ ಬೆನ್ನು ಜಾಸ್ತಿ ನೋಡಿದೆ. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಗೆ ಮೊಸಳೆ ಬೊಂಬೆ ಇಟ್ಟರಲ್ಲ, ಅದನ್ನು ನೋಡೋಕೆ ಯಾರೂ ಟಿಕೆಟ್ ತಗೊಳ್ಳಲಿಲ್ಲ, ಗುಂಡಿಯೂ ಮುಚ್ಚಿತು. ಆ ಮೊಸಳೆ ಮಾತ್ರ ಫೈಬರ್, ಅದೂ ಪ್ಲಾಸ್ಟಿಕ್ಕೇ... ಸರಿ ಬಿಡಿ, ನಾನು ಯಾರಿಗೆ ಹೇಳಲಿ, ನಾನೂ ಮೋರಿಗೆ ಸುರಿದವಳೇ.

ಅಯ್ಯೋ, ಶಾಟ್ ಮುಗೀತಾ ಬಂತು. ನವಿಲು ಆಯ್ತು, ನೋಡಿ. ಹಳದಿ ಇಲ್ಲ, ಓಕುಳಿ ಕೆಂಪಿನ ಮೇಲೆ ಬಿಳಿ ನವಿಲು. ಎಡಗಾಲು ಕೋಳಿ ಕಾಲಿನ ಹಾಗಿದೆ, ಅದು ತಮ್ಮ ಬರೆದದ್ದು. ಕೆಳಗಿನ ಎಳೆ ರಂಗೋಲಿ ಆಂಟಿದು, ಒಂದೂ ಗೆರೆ ಅಲುಗಿಲ್ಲ.

ಮೊದಲು ನನಗೆ ಹತ್ತು ವರ್ಷ ಬಾಳುವ ಗೋಡೆ ಬೇಕಿತ್ತು. ಈಗ ಬೇಡ ಅನಿಸಿದೆ. ಸುಣ್ಣ ಅಲ್ವಾ, ಮಳೆಗೆ ಹೋಗುತ್ತೆ, ಯುಗಾದಿಗೆ ಮತ್ತೆ ಬಳಿಯಬೇಕು. ಆಂಟಿ ಆಗಲೇ ಹೇಳಿಬಿಟ್ಟಿದ್ದಾರೆ, ಆ ಸಲ ನವಿಲು ಅವರೇ ಬರೀತಾರಂತೆ, ನಾವು ಬಕೆಟ್ ಹಿಡಿಯಬೇಕಂತೆ.

ಗೋಡೆ ಬಳಿದು ಈಗ ವಾರ ಆಯ್ತು. ಕಸದ ಕವರು ನಿಂತಿಲ್ಲ, ಐದಿದ್ದದ್ದು ಎರಡಕ್ಕೆ ಇಳಿದಿದೆ. ಆಂಟಿ ಹೇಳಿದ ಹಾಗೇ ಅರಿಶಿನ ಮಾಸುತ್ತಿದೆ.

ಉಳಿದ ಅರ್ಧ ಬಕೆಟ್ ಏನಾಯ್ತು ಅಂತ ಕೇಳ್ತೀರಾ, ಮೋರಿಗೆ ಸುರಿದಿಲ್ಲ. ಮೂಲೆ ಮನೆಯ ಆಟೊ ಅಣ್ಣ ಒಂದು ತಟ್ಟೆಗೆ ಹಾಕಿಸಿಕೊಂಡು ಹೊಸ ಆಟೊಗೆ ದೃಷ್ಟಿ ತೆಗೆದರು. ಮಿಕ್ಕಿದ್ದನ್ನು ಗಲ್ಲಿಯ ಆ ಕಡೆ ಗೋಡೆಗೆ... ಬ್ಯಾಟರಿ ಹೋಗ್ತಿದೆ ಕಣೋ, ಬೇಗ ತೋರಿಸು, ಆ ಕಡೆ, ಆ ಕಡೆ!