ಗೋರ್ಟನ್ ಚರ್ಚಿನ ಹುಡುಗರು

ಕೇಳುಗರೇ, ನಮಸ್ಕಾರ.

ನಮ್ಮೂರ ಮೈದಾನಗಳಲ್ಲಿ ತಿಳಿನೀಲಿ ಜೆರ್ಸಿ ಹಾಕಿಕೊಂಡು ಫುಟ್‌ಬಾಲ್ ಆಡುವ ಹುಡುಗರನ್ನು ನೀವು ನೋಡಿರುತ್ತೀರಿ. ಅದು ಮ್ಯಾಂಚೆಸ್ಟರ್ ಸಿಟಿ ತಂಡದ ಜೆರ್ಸಿ. 2023ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದ ತಂಡ. ಇವತ್ತು ಅವರ ಹತ್ತಿರ ಬೇಕಾದಷ್ಟು ದುಡ್ಡಿದೆ. ಆದರೆ ಈ ತಂಡ ಹುಟ್ಟಿದ್ದು ಕಾರ್ಮಿಕರ ಕೇರಿಯ ಒಂದು ಚರ್ಚಿನ ಆಸರೆಯಲ್ಲಿ. ಅದರ ಮೊದಲ ಏಳೆಂಟು ವರ್ಷ, ಅಂದರೆ ಯಾರೂ ಸಂಬಳಕ್ಕೆ ಆಡದಿದ್ದ ಕಾಲ, ನನಗೆ ತುಂಬಾ ಇಷ್ಟ. ಅದನ್ನೇ ಇವತ್ತು ಹೇಳುತ್ತೇನೆ.

ಮ್ಯಾಂಚೆಸ್ಟರಿನ ಪೂರ್ವಕ್ಕೆ ಗೋರ್ಟನ್ ಅಂತ ಒಂದು ಜಾಗ. 1854ರಲ್ಲಿ ಅಲ್ಲಿ ಬೇಯರ್ ಪೀಕಾಕ್ ಕಂಪನಿ ರೈಲ್ವೆ ಎಂಜಿನ್ ಕಾರ್ಖಾನೆ ಕಟ್ಟಿತು. ಅಲ್ಲಿ ತಯಾರಾದ ಎಂಜಿನ್‌ಗಳು ನಮ್ಮ ದೇಶದ ಹಳಿಗಳ ಮೇಲೂ ಓಡಿವೆ. ಕಾರ್ಖಾನೆಗಳು ಬಂದ ಮೇಲೆ ಜನ ಬಂದರು. ಸಾಲು ಸಾಲು ಇಕ್ಕಟ್ಟಿನ ಮನೆಗಳು, ಹೊಗೆ, ಕೆಲಸ ಇದ್ದರೆ ಊಟ, ಇಲ್ಲದಿದ್ದರೆ ಉಪವಾಸ. ಪಶ್ಚಿಮ ಗೋರ್ಟನ್‌ನ ಸೇಂಟ್ ಮಾರ್ಕ್ಸ್ ಚರ್ಚು ಇದ್ದದ್ದು ಇಂಥ ಕೇರಿಯ ನಡುವೆ. ಅಲ್ಲಿನ ಪಾದ್ರಿ ಆರ್ಥರ್ ಕಾನೆಲ್, ಐರ್ಲೆಂಡಿನವರು. 1879ರ ಚಳಿಗಾಲದಲ್ಲಿ ಕೆಲಸ ಕಳೆದುಕೊಂಡವರಿಗೆ ಇವರ ಚರ್ಚು ಸೂಪು, ಬ್ರೆಡ್ಡು, ಕಲ್ಲಿದ್ದಲು ಹಂಚಿತು.

ಹಸಿವಿನ ಜೊತೆಗೆ ಇನ್ನೊಂದು ಕಷ್ಟವೂ ಇತ್ತು. ಹೊಡೆದಾಟ. ಒಂದು ಬೀದಿಯ ಹುಡುಗರು ಇನ್ನೊಂದು ಬೀದಿಯವರ ಮೇಲೆ ಗುಂಪು ಕಟ್ಟಿಕೊಂಡು ಬೀಳುತ್ತಿದ್ದರು. ಅದಕ್ಕೆ ಸ್ಕಟ್ಲಿಂಗ್ ಅಂತ ಹೆಸರೇ ಇತ್ತು. ಸೊಂಟದ ಬೆಲ್ಟ್ ಬಿಚ್ಚಿ, ಕೈಗೆ ಸುತ್ತಿಕೊಂಡು, ಹಿತ್ತಾಳೆಯ ಬಕಲ್ ಇರುವ ತುದಿಯನ್ನು ಬೀಸುವುದು. ಕಾಲಲ್ಲಿ ಮರದ ಅಟ್ಟೆಯ ಕ್ಲಾಗ್ಸ್, ಅದಕ್ಕೆ ಲೋಹದ ಅಂಚು. ಒಂದು ಒದೆತ ಬಿದ್ದರೆ ಮೂಳೆ ಮುರಿಯಬೇಕು. ಉಳಿದ ಹೊತ್ತು ಹೆಂಡದಂಗಡಿ.

ಪಾದ್ರಿಯ ಮಗಳು ಆನಾ ಕಾನೆಲ್ ಇದನ್ನೆಲ್ಲ ನೋಡುತ್ತಾ ಬೆಳೆದವಳು. ಸಂಜೆ ಹೊತ್ತು ಗಂಡಸರು ಬಂದು ಕೂತು ಮಾತಾಡಲು, ಓದಲು, ಹಾಡಲು ಒಂದು ಜಾಗ ಬೇಕು ಅಂತ ಅವಳಿಗೆ ಅನ್ನಿಸಿತು. ಮನೆ ಮನೆಗೆ ಹೋಗಿ ಬಾಗಿಲು ತಟ್ಟಿ ಕರೆದಳು. ಮೊದಲ ಸಭೆಗೆ ಬಂದವರು ಮೂರೇ ಜನ ಅಂತ ಹೇಳುತ್ತಾರೆ. ಮೂರು ಜನ! ಅಷ್ಟಕ್ಕೇ ಸಾಕು ಅಂತ ಅವಳು ಬಿಡಲಿಲ್ಲ. ಮತ್ತೆ ಕರೆದಳು. ಜನ ಸೇರುತ್ತಾ ಬಂದರು. ಆ ಕಾಲದಲ್ಲಿ ಮದುವೆಯಾಗದ ಹೆಣ್ಣುಮಗಳೊಬ್ಬಳು ಕಾರ್ಖಾನೆ ಕೆಲಸಗಾರರನ್ನು ಹೀಗೆ ಕರೆದು ಕೂರಿಸುವುದು ಸಾಮಾನ್ಯ ಮಾತಲ್ಲ.

ತಂಡವನ್ನು ಹುಟ್ಟುಹಾಕಿದ್ದು ಆನಾಳೇನಾ ಅಂತ ಇತಿಹಾಸಕಾರರು ಈಗಲೂ ವಾದ ಮಾಡುತ್ತಾರೆ. ಆಟದ ಏರ್ಪಾಡು ನೋಡಿಕೊಂಡವರು ಚರ್ಚಿನ ಹಿರಿಯರಾದ ವಿಲಿಯಂ ಬೀಸ್ಟೋ ಮತ್ತು ಥಾಮಸ್ ಗುಡ್‌ಬಿಹಿಯರ್. ಮೊದಲು ಕ್ರಿಕೆಟ್ ಶುರುವಾಯಿತು. ಬೇಸಿಗೆ ಮುಗಿದ ಮೇಲೆ ಹುಡುಗರು ಏನು ಮಾಡಬೇಕು? ಚಳಿಗಾಲಕ್ಕೆ ಫುಟ್‌ಬಾಲ್ ಬಂತು. ನನ್ನ ಮಟ್ಟಿಗೆ ಈ ವಾದದಲ್ಲಿ ಅಂಥ ಹುರುಳಿಲ್ಲ. ಚೆಂಡು ತಂದವರು ಯಾರೇ ಇರಲಿ, ಬೀದಿಯಲ್ಲಿದ್ದ ಗಂಡಸರನ್ನು ಬಾಗಿಲು ತಟ್ಟಿ ಕರೆದವಳು ಅವಳು. ಆ ಕೆಲಸವನ್ನು ಫುಟ್‌ಬಾಲ್ ಚರಿತ್ರೆ ಬಹಳ ಕಾಲ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ ಅನ್ನೋದು ನನಗೆ ನೋವಿನ ಸಂಗತಿ.

1880ರ ನವೆಂಬರ್ 13, ಶನಿವಾರ. ದಾಖಲೆಯಲ್ಲಿ ಸಿಗುವ ಮೊದಲ ಪಂದ್ಯ. ಎದುರಾಳಿ ಮ್ಯಾಕಲ್ಸ್‌ಫೀಲ್ಡ್‌ನ ಬ್ಯಾಪ್ಟಿಸ್ಟ್ ಚರ್ಚಿನ ತಂಡ. 2-1ರಲ್ಲಿ ಸೇಂಟ್ ಮಾರ್ಕ್ಸ್ ಸೋತಿತು. ಶನಿವಾರವೇ ಯಾಕೆ ಅಂದರೆ, ಭಾನುವಾರ ದೇವರ ದಿನ, ಆಟ ಆಡುವಂತಿರಲಿಲ್ಲ. ಶನಿವಾರ ಮಧ್ಯಾಹ್ನದ ಮೇಲೆ ಕೆಲಸಕ್ಕೆ ಬಿಡುವು. 1850ರ ಕಾರ್ಖಾನೆ ಕಾಯ್ದೆ ಬಟ್ಟೆ ಗಿರಣಿಗಳಲ್ಲಿ ಹೆಂಗಸರಿಗೂ ಹರೆಯದವರಿಗೂ ಶನಿವಾರ ಎರಡು ಗಂಟೆಗೆ ಬಿಡುಗಡೆ ಕೊಡಿಸಿತ್ತು. ಆಮೇಲೆ ಆ ಅರ್ಧ ದಿನದ ರಜೆ ಉಳಿದ ಕಡೆಗೂ ಹಬ್ಬಿತು. ಇಂಗ್ಲಿಷ್ ಫುಟ್‌ಬಾಲ್ ಬೆಳೆದದ್ದೇ ಆ ಅರ್ಧ ದಿನದಲ್ಲಿ.

ಮೊದಲ ಋತುವಿನಲ್ಲಿ ಅವರು ಗೆದ್ದದ್ದು ಒಂದೇ ಒಂದು ಪಂದ್ಯ, ಸ್ಟೇಲಿಬ್ರಿಜ್ ಕ್ಲಾರೆನ್ಸ್ ತಂಡದ ಮೇಲೆ, 1881ರ ಮಾರ್ಚಿನಲ್ಲಿ. ಅದೇ ವರ್ಷ ನವೆಂಬರಿನಲ್ಲಿ ನ್ಯೂಟನ್ ಹೀತ್ ಅನ್ನೋ ರೈಲ್ವೆ ಕೆಲಸಗಾರರ ತಂಡದ ಎದುರು 3-0 ಸೋಲು. ಆ ನ್ಯೂಟನ್ ಹೀತೇ ಇವತ್ತಿನ ಮ್ಯಾಂಚೆಸ್ಟರ್ ಯುನೈಟೆಡ್. ಈಗ ಲೋಕವೆಲ್ಲ ಟಿವಿ ಮುಂದೆ ಕೂತು ನೋಡುವ ಪೈಪೋಟಿಯ ಮೊದಲ ಆಟ ಅದು.

ಸ್ವಂತ ಮೈದಾನ ಇರಲಿಲ್ಲ. ಒಂದು ಕ್ರಿಕೆಟ್ ಕ್ಲಬ್ಬಿನ ನೆಲದಲ್ಲಿ ಆಡಿದರು. ಹುಲ್ಲು ಹಾಳಾಯಿತು ಅಂತ ಅಲ್ಲಿಂದ ಎಬ್ಬಿಸಿದರು. ಇನ್ನೊಂದು ಕಡೆ ಹೋದರು, ಅಲ್ಲಿಂದ ಮತ್ತೊಂದು ಕಡೆ. 1884ರಲ್ಲಿ ತಂಡದ ಹೆಸರು ಬರೀ ಗೋರ್ಟನ್ ಅಂತಾಯಿತು. ಆ ದಿನಗಳ ಒಂದು ಫೋಟೋ ಉಳಿದಿದೆ. ಹುಡುಗರೆಲ್ಲ ಕಪ್ಪು ಅಂಗಿ ತೊಟ್ಟಿದ್ದಾರೆ. ಎದೆಯ ಮೇಲೆ ದೊಡ್ಡ ಬಿಳಿ ಶಿಲುಬೆ, ಅದರ ನಾಲ್ಕೂ ತೋಳು ಹೊರಗೆ ಹೋದಂತೆ ಅಗಲವಾಗುತ್ತದೆ. ಹೆಸರಿನಿಂದ ಚರ್ಚು ಹೋಗಿತ್ತು, ಅಂಗಿಯ ಮೇಲೆ ಶಿಲುಬೆ ಇತ್ತು.

ಹೀಗೆ ಚರ್ಚಿನಿಂದ ಬಂದ ತಂಡ ಇದೊಂದೇ ಅಲ್ಲ. ಎವರ್ಟನ್, ಆಸ್ಟನ್ ವಿಲಾ, ಸೌತಾಂಪ್ಟನ್, ಎಲ್ಲಕ್ಕೂ ಬೇರು ಅಲ್ಲೇ. ಕೆಲವು ಕಡೆ ಜಗಳವೂ ಆಯಿತು. ಬೋಲ್ಟನ್‌ನಲ್ಲಿ ಕ್ರೈಸ್ಟ್ ಚರ್ಚಿನ ಪಾದ್ರಿ, ತಾನಿಲ್ಲದೆ ಸಭೆ ಸೇರಬಾರದು ಅಂದರು. 1877ರಲ್ಲಿ ಹುಡುಗರು ಹೊರಗೆ ನಡೆದರು. ತಂಡಕ್ಕೆ ಬೋಲ್ಟನ್ ವಾಂಡರರ್ಸ್ ಅಂತ ಹೆಸರಿಟ್ಟುಕೊಂಡರು.

ಗೋರ್ಟನ್ ತಂಡ 1887ರಲ್ಲಿ ಹೈಡ್ ರೋಡಿನ ಒಂದು ಪಾಳು ಜಾಗಕ್ಕೆ ಬಂತು. ಪಕ್ಕದಲ್ಲೇ ರೈಲ್ವೆ ಹಳಿ. ತಂಡದ ಹೆಸರು ಆರ್ಡ್‌ವಿಕ್ ಅಂತಾಯಿತು. 1885ರಲ್ಲೇ ಫುಟ್‌ಬಾಲ್ ಸಂಘ ಸಂಬಳಕ್ಕೆ ಆಡಲು ಒಪ್ಪಿಗೆ ಕೊಟ್ಟಿತ್ತು. ಇವರೂ ಆಟಗಾರರಿಗೆ ದುಡ್ಡು ಕೊಡಲು ಶುರುಮಾಡಿದರು. ಬಟ್ಟೆ ಬದಲಾಯಿಸುವುದು ಹತ್ತಿರದ ಹೈಡ್ ರೋಡ್ ಹೋಟೆಲಿನಲ್ಲಿ, ಮೈದಾನದ ಸ್ಟ್ಯಾಂಡಿಗೆ ದುಡ್ಡು ಕೊಟ್ಟದ್ದು ಬಿಯರ್ ಕಂಪನಿ. ಕುಡಿತದಿಂದ ಜನರನ್ನು ದೂರ ಇಡಲು ಆನಾ ಶುರುಮಾಡಿದ ಕೆಲಸದ ನೆರಳಲ್ಲಿ ಬೆಳೆದ ತಂಡ ಅಲ್ಲಿಗೆ ಬಂದು ನಿಂತಿತು. ಅದನ್ನು ಓದುವಾಗ ಮನಸ್ಸು ಪಿಚ್ಚೆನ್ನಿಸುತ್ತದೆ. ಆದರೂ ಮೈದಾನ, ಚೆಂಡು, ರೈಲು ಚಾರ್ಜು ಎಲ್ಲಕ್ಕೂ ಖರ್ಚಿತ್ತು. ಚರ್ಚಿನ ಕಾಣಿಕೆ ಹುಂಡಿಯಿಂದ ಅದು ಆಗುವ ಮಾತಾಗಿರಲಿಲ್ಲ. 1894ರಲ್ಲಿ ಹಣದ ಮುಗ್ಗಟ್ಟು ಬಂದಾಗಲೇ ಆರ್ಡ್‌ವಿಕ್ ಹೋಗಿ ಮ್ಯಾಂಚೆಸ್ಟರ್ ಸಿಟಿ ಆದದ್ದು.

ಅದಕ್ಕಿಂತ ಮುಂಚಿನ ಒಂದು ಪಂದ್ಯದ ವಿಷಯ ಹೇಳಲೇಬೇಕು. 1889ರ ಜನವರಿಯಲ್ಲಿ ಹೈಡ್ ಊರಿನ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 23 ಜನ ಸತ್ತರು. ಮುಂದಿನ ತಿಂಗಳೇ ಆರ್ಡ್‌ವಿಕ್ ಮತ್ತು ನ್ಯೂಟನ್ ಹೀತ್ ಸೇರಿ ಒಂದು ಸಹಾಯಾರ್ಥ ಪಂದ್ಯ ಇಟ್ಟುಕೊಂಡವು. ಬೆಲ್ ವ್ಯೂ ಉದ್ಯಾನದಲ್ಲಿ, ರಾತ್ರಿ ಹೊತ್ತು, ದೊಡ್ಡ ದೀಪಗಳ ಬೆಳಕಿನಲ್ಲಿ. ಅವತ್ತಿಗೆ ಅದೊಂದು ಅಪರೂಪದ ನೋಟ. ಸುಮಾರು 10,000 ಜನ ಸೇರಿದರು. ಆರ್ಡ್‌ವಿಕ್ 3-2ರಲ್ಲಿ ಸೋತಿತು. ಟಿಕೆಟಿನ ದುಡ್ಡು ಗಣಿಯಲ್ಲಿ ಸತ್ತವರ ಮನೆಯವರಿಗೆ ಹೋಯಿತು.

ನಮಸ್ಕಾರ.