ಈ ವರ್ಷ ನಮ್ಮೂರು ಕಳೆದುಕೊಂಡವರು

ನಮಸ್ಕಾರ. ಈಗ ನೀವು ನೋಡುತ್ತಿರುವುದು ನಮ್ಮೂರಿನ ಬಸ್ ಸ್ಟಾಪು. ಕೋಲಾರದಿಂದ ಬಂಗಾರಪೇಟೆ ಕಡೆ ಬರುವಾಗ ಮೇನ್ ರೋಡ್ ಬಿಟ್ಟು ಒಳಗೆ ತಿರುಗಬೇಕು. ಆ ಬೇವಿನ ಮರಕ್ಕೆ ಕಟ್ಟಿರುವ ಫ್ಲೆಕ್ಸ್ ನೋಡಿ. ಭಾವಪೂರ್ಣ ಶ್ರದ್ಧಾಂಜಲಿ. ಒಂದು ಫೋಟೊ, ಎರಡು ತಾರೀಖು, ಕೆಳಗೆ ಮುಖಂಡರ ಸಾಲು. ಕೆಲವು ಸಲ ಸತ್ತವರಿಗಿಂತ ಮುಖಂಡರ ಮುಖಗಳೇ ದೊಡ್ಡದಾಗಿರುತ್ತವೆ, ಅದು ಬಿಡಿ.

ಆ ಎರಡು ತಾರೀಖಲ್ಲಿ ಮೊದಲನೆಯದನ್ನು ಗಮನಿಸಿ. 01-01-1947. ಇದರ ಹಿಂದೆ ಕಟ್ಟಿದ್ದ ಫ್ಲೆಕ್ಸ್‌ನಲ್ಲಿ 01-01-1952 ಅಂತ ಇತ್ತು. ನಮ್ಮೂರಿನ ಮುದುಕರೆಲ್ಲ ಜನವರಿ ಒಂದನೇ ತಾರೀಖೇ ಹುಟ್ಟಿದವರು. ಆಧಾರ್ ಮಾಡಿಸುವಾಗ ಹುಟ್ಟಿದ ದಿನ ಗೊತ್ತಿಲ್ಲ ಅಂದರೆ ಅಂದಾಜಿನ ಒಂದು ವರ್ಷ ಹಾಕಿ, ಜನವರಿ ಒಂದು ಅಂತ ಬರೆದುಬಿಡುತ್ತಾರೆ. ಹಾಗಾಗಿ ಫ್ಲೆಕ್ಸ್‌ನಲ್ಲಿ ನಂಬಬಹುದಾದ ತಾರೀಖು ಒಂದೇ, ಎರಡನೆಯದು.

ಇನ್ನು ವಾಟ್ಸಾಪ್. ಊರಿನ ಗ್ರೂಪಲ್ಲಿ ಯಾರೋ ಫೋಟೊ ಹಾಕುತ್ತಾರೆ, ಸಂಜೆಯೊಳಗೆ ನೂರು 'ಓಂ ಶಾಂತಿ' ಬರುತ್ತದೆ. ಮೂರನೇ ದಿನ ಹಾಲು ತುಪ್ಪ, ಹನ್ನೊಂದಕ್ಕೆ ತಿಥಿ. ಇಪ್ಪತ್ತೊಂದು ದಿನದೊಳಗೆ ಮರಣ ನೋಂದಣಿ. ಎಲ್ಲ ಸರಿಯಾಗಿಯೇ ನಡೆಯುತ್ತದೆ. ಆದರೆ ಆ ಮನುಷ್ಯ ಊರಲ್ಲಿ ಏನು ಮಾಡಿಕೊಂಡಿದ್ದ, ಏನು ಬಲ್ಲವನಾಗಿದ್ದ ಅನ್ನೋದು ಎಲ್ಲೂ ಬರೆದಿರುವುದಿಲ್ಲ. ಈ ವಿಡಿಯೊ ಅದಕ್ಕೆ. ಮನೆಯವರು ಹೆಸರು ಬೇಡ ಅಂದಿದ್ದಾರೆ. ಊರಲ್ಲಿ ಕರೆಯುತ್ತಿದ್ದ ಹಾಗೆಯೇ ಕರೆಯುತ್ತೇನೆ.

ಮೊದಲು ಸೂಲಗಿತ್ತಿ ಅವ್ವ. ನಮ್ಮ ಕಡೆ ಅಜ್ಜಿಯನ್ನು ಅವ್ವ ಅನ್ನುತ್ತೇವೆ. ಇವರು ಊರಿಗೆಲ್ಲ ಅವ್ವ. ನಮ್ಮಪ್ಪ, ಅತ್ತೆ, ಚಿಕ್ಕಪ್ಪ, ಹೆಚ್ಚು ಕಡಿಮೆ ಅರ್ಧ ಊರು ಅವರ ಕೈಮೇಲೆ ಹುಟ್ಟಿದ್ದು. ಕೂಲಿ ಅಂತ ಏನೂ ಇರಲಿಲ್ಲ. ಎಲೆ ಅಡಿಕೆ, ಒಂದು ಸೇರು ಅಕ್ಕಿ, ಬೆಲ್ಲ, ಇದ್ದವರ ಮನೆಯಲ್ಲಿ ಒಂದು ಸೀರೆ. ಹೆರಿಗೆ ಆದಮೇಲೂ ಎಷ್ಟೋ ದಿನ ಬಂದು ಮಗುವಿಗೆ ಎಣ್ಣೆ ತಿಕ್ಕಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು ಹೋಗುತ್ತಿದ್ದರು.

ಅವರ ತಲೆಯಲ್ಲಿ ಒಂದು ಜನನ ರಿಜಿಸ್ಟರ್ ಇತ್ತು. ತಾರೀಖಿನ ಲೆಕ್ಕದಲ್ಲಿ ಅಲ್ಲ. ಕೆರೆ ಕೋಡಿ ಬಿದ್ದ ವರ್ಷ, ದೊಡ್ಡಮನೆಗೆ ಹೆಂಚು ಹಾಕಿಸಿದ ವರ್ಷ, ರಾಗಿ ಕಣ ಮಾಡೋ ಕಾಲ, ಅಮಾವಾಸ್ಯೆ ಕಳೆದು ಮೂರನೇ ದಿನ, ಹೀಗೆ. ಒಂದು ಸಲ ಚಿಕ್ಕಪ್ಪನ ಹುಟ್ಟಿದ ದಿನ ಕೇಳಿದೆ. "ಇಂದಿರಾ ಗಾಂಧಿ ಹೋದ್ಳಲ್ಲಪ್ಪ, ಅದಕ್ಕೆ ಹದಿನೈದು ದಿನ ಮುಂಚೆ. ರೇಡಿಯೋದಲ್ಲಿ ಸುದ್ದಿ ಬಂದಾಗ ನಾನು ನಿಮ್ಮನೇಲೇ ಮಗೂಗೆ ನೀರು ಹಾಕ್ತಿದ್ದೆ" ಅಂದರು. ಅಂದರೆ 1984ರ ಅಕ್ಟೋಬರ್ ನಡುವೆ. ಸ್ಕೂಲಲ್ಲಿ ಮೇಷ್ಟ್ರು ಬರೆದಿರುವುದು 1982. ಚಿಕ್ಕಪ್ಪನಿಗೆ ಕೂತಲ್ಲೇ ಎರಡು ವರ್ಷ ಕಡಿಮೆಯಾಯಿತು. ರಿಟೈರ್ಮೆಂಟ್ ಮಾತ್ರ ಮೇಷ್ಟ್ರ ತಾರೀಖಿನ ಪ್ರಕಾರವೇ.

ಸೂಲಗಿತ್ತಿ ಅಂದರೆ ಎಲ್ಲರಿಗೂ ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮ ನೆನಪಾಗುತ್ತಾರೆ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು ಅಂತ ಹೆಸರಾಗಿದ್ದರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ಕ್ಕೆ ತೀರಿಕೊಂಡರು. ಟಿವಿಯಲ್ಲಿ ಪದ್ಮಶ್ರೀ ಸುದ್ದಿ ನೋಡಿ ನಮ್ಮೂರಿನ ಅವ್ವ ಖುಷಿಪಟ್ಟಿದ್ದರು. ನಿಮಗೂ ಕೊಡಬೇಕಿತ್ತು ಅಂತ ಯಾರೋ ಅಂದಿದ್ದಕ್ಕೆ "ನಂಗ್ಯಾಕೆ, ಮಂಡಿ ನೋವಿಗೊಂದು ಮಾತ್ರೆ ಕೊಡಿಸಿ ಸಾಕು" ಅಂದರು.

ಹಳೇ ಕಾಲವೇ ಚೆನ್ನಾಗಿತ್ತು ಅಂತ ಅವರು ಒಂದು ದಿನವೂ ಹೇಳಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಂಥ ವಿಡಿಯೊಗಳಲ್ಲಿ ಆ ಮಾತು ಜಾಸ್ತಿ. 2008ರಲ್ಲಿ 108 ಆಂಬುಲೆನ್ಸ್ ಶುರುವಾದ ಮೇಲೆ, ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬರಲು ಶುರುವಾದ ಮೇಲೆ, ಬಸುರಿಯರನ್ನು ಆಸ್ಪತ್ರೆಗೆ ಹೋಗಿ ಅಂತ ಗದರಿಸಿ ಕಳಿಸುತ್ತಿದ್ದುದು ಇದೇ ಅವ್ವ. "ರಕ್ತ ನಿಲ್ಲದಿದ್ರೆ ನನ್ ಕೈಲೇನೈತೆ?" ಅನ್ನುತ್ತಿದ್ದರು. ಉಳಿಯದೇ ಹೋದ ತಾಯಂದಿರ ಹೆಸರೂ ಅವರಿಗೆ ನೆನಪಿತ್ತು. ಆ ಹೆಸರುಗಳನ್ನು ಕೇಳಿದರೆ ಮಾತ್ರ ಎದ್ದು ಒಳಗೆ ಹೋಗಿಬಿಡುತ್ತಿದ್ದರು.

ಎರಡನೆಯವರು ಮೈನ್ಸ್ ಮಾವ. ಕೆಜಿಎಫ್ ಗಣಿಯಲ್ಲಿ ಕೆಳಗೆ ಇಳಿದು ಕೆಲಸ ಮಾಡಿದವರು. ಕೆಜಿಎಫ್ ಅಂದರೆ ಈಗ ಎಲ್ಲರಿಗೂ ಸಿನಿಮಾ. ಅಲ್ಲಿನ ಚಾಂಪಿಯನ್ ರೀಫ್ ಗಣಿ ನೆಲದಿಂದ 3 ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಇಳಿಯುವಾಗ ಕಿವಿ ಮುಚ್ಚಿಕೊಳ್ಳುತ್ತಿತ್ತಂತೆ, ಕೆಳಗೆ ಬಂಡೆಯೇ ಬಿಸಿ ಕಾರುತ್ತಿತ್ತಂತೆ. ಅಷ್ಟು ಆಳದಲ್ಲಿ ಒತ್ತಡಕ್ಕೆ ಬಂಡೆ ತಾನಾಗಿ ಸಿಡಿಯುತ್ತದೆ. ರಾಕ್ ಬರ್ಸ್ಟ್ ಅಂತಾರೆ. ಮೇಲೆ ಮನೆಯಲ್ಲಿ ಕೂತವರಿಗೂ ನೆಲ ಅದುರಿದ್ದು ಗೊತ್ತಾಗುತ್ತಿತ್ತಂತೆ. ಹೆಂಗಸರು ಓಡಿಬಂದು ಗಣಿ ಬಾಯಿ ಹತ್ತಿರ ನಿಲ್ಲುತ್ತಿದ್ದರಂತೆ. ಇದನ್ನೆಲ್ಲ ಮಾವ ಊಟ ಮಾಡುತ್ತಾ ಹೇಳುತ್ತಿದ್ದರು, ಮುದ್ದೆ ಮುರಿಯುತ್ತಾ, ಏನೂ ಆಗಿಲ್ಲ ಅನ್ನುವ ಹಾಗೆ.

1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ಬಂದಿತ್ತು. ನಮ್ಮೂರಿಗೆ ಬಂದಿದ್ದು ಮಾವ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದಾಗ. "ಪಾತಾಳದಲ್ಲಿ ದೀಪ ಉರೀತಿತ್ತು, ಊರಲ್ಲಿ ಬುಡ್ಡಿ" ಅಂತ ನಗುತ್ತಿದ್ದರು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಮಾವ ಬಂಗಾರಪೇಟೆಯಿಂದ ಬೆಳಗಿನ ರೈಲು ಹತ್ತಿದರು. ಬೆಂಗಳೂರಲ್ಲಿ ಒಂದು ಅಪಾರ್ಟ್‌ಮೆಂಟಿಗೆ ವಾಚ್‌ಮನ್. ಆ ರೈಲಿನಲ್ಲಿ ಅರ್ಧಕ್ಕರ್ಧ ಜನ ಹಾಗೇ, ಒಂದು ಕಾಲಕ್ಕೆ ಭೂಮಿ ಒಳಗೆ ಇಳಿದವರು, ಇಲ್ಲ ಅವರ ಮಕ್ಕಳು. ಕೆಳಗಿನ ಕೆಲಸ ಕಷ್ಟವಾ, ಮೇಲಿನದಾ ಅಂತ ಕೇಳಿದ್ದೆ. "ಕೆಳಗೆ ಎಲ್ರಿಗೂ ಹೆಸರಿತ್ತು. ಇಲ್ಲಿ 'ಸೆಕ್ಯೂರಿಟಿ' ಅಂತಾರೆ" ಅಂದರು. ಬೇಸಿಗೆಯಲ್ಲೂ ಫ್ಯಾನ್ ಹಾಕಿಸುತ್ತಿರಲಿಲ್ಲ. ಇದೂ ಒಂದು ಸೆಕೆನಾ ಅನ್ನುವುದು. ಅತ್ತೆಗೆ ಅದೇ ದೊಡ್ಡ ಜಗಳ. ಈಗ ಅತ್ತೆ ರಾತ್ರಿಯೆಲ್ಲ ಫ್ಯಾನ್ ಹಾಕಿಕೊಂಡೇ ಮಲಗುತ್ತಾರೆ, ನಿದ್ದೆ ಬರುತ್ತಿಲ್ಲ ಅಂತಾರೆ.

ಟೊಮ್ಯಾಟೊ ಅಣ್ಣನ ಬಗ್ಗೆ ಮಾತಾಡುವುದು ನನಗೆ ಸ್ವಲ್ಪ ಕಷ್ಟ. ಇನ್ನೂ ಐವತ್ತು ಆಗಿರಲಿಲ್ಲ. ರಾತ್ರಿ ಎದೆ ಉರಿ ಅಂದರು, ಗ್ಯಾಸ್ಟ್ರಿಕ್ ಇರಬೇಕು ಅಂತ ಸೋಡಾ ಕುಡಿದು ಮಲಗಿದರು. ಬೆಳಗ್ಗೆ ಏಳಲಿಲ್ಲ. ಎದೆ ಉರಿ, ಎಡಗೈ ನೋವು, ಬೆವರು ಬಂದರೆ ಸೋಡಾ ಹುಡುಕಬೇಡಿ, ಗಾಡಿ ಹುಡುಕಿ. ಇಷ್ಟೇ ಹೇಳುತ್ತೇನೆ.

ಕೋಲಾರದ ಎಪಿಎಂಸಿ ಗೊತ್ತಲ್ವಾ? 2023ರ ಜುಲೈನಲ್ಲಿ ಅಲ್ಲಿ 15 ಕೆಜಿ ಟೊಮ್ಯಾಟೊ ಬಾಕ್ಸ್ 2000 ರೂಪಾಯಿ ದಾಟಿತ್ತು. ದೇಶವೆಲ್ಲ ಕೋಲಾರದ ಹೆಸರು ಹೇಳಿತು. ಅಣ್ಣನ ತೋಟ ಜೂನ್ ಮೊದಲ ವಾರಕ್ಕೇ ಮುಗಿದಿತ್ತು. ಕಡ್ಡಿ ಕಿತ್ತು, ಗಿಡ ಒಣಗಿಸಿ, ಕುರಿಗೆ ಬಿಟ್ಟಿದ್ದರು. "ನನ್ ಕುರಿ ಲಕ್ಷ ರೂಪಾಯಿ ಮೇವು ತಿಂದೈತೆ ಕಣೋ" ಅಂತ ಅಂಗಡಿ ಮುಂದೆ ಕೂತು ತಾವೇ ಹೇಳಿಕೊಂಡು ನಗಿಸಿದ್ದರು. ಮುಂದಿನ ಸಲ ಎಲ್ಲರೂ ಟೊಮ್ಯಾಟೊ ಹಾಕಿದಾಗ ಬೇಡ ಅಂತ ಹೂಕೋಸು ಹಾಕಿದರು. ಅದಕ್ಕೂ ರೇಟು ಬರಲಿಲ್ಲ.

ಅಣ್ಣನನ್ನು ಅವರ ಹೊಲದ ಮೂಲೆಯಲ್ಲೇ ಮಣ್ಣು ಮಾಡಿದರು, ಅವರಪ್ಪನ ಪಕ್ಕ. ಆ ಹೊಲದ ಮೂರು ಕಡೆ ಈಗ ಲೇಔಟ್ ಕಲ್ಲು. ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿಗಳು ಬಂದ ಮೇಲೆ ನಮ್ಮ ಕಡೆಗೂ ಬ್ರೋಕರ್‌ಗಳು ಬಂದರು. ಸಮಾಧಿ ಇರುವ ಜಮೀನಿಗೆ ರೇಟು ಕಡಿಮೆ ಕೇಳುತ್ತಾರೆ. ಅಣ್ಣ ಇದ್ದಾಗಲೇ "ನಮ್ಮಪ್ಪನೇ ಜಮೀನು ಕಾಯ್ತಾವ್ನೆ" ಅನ್ನುತ್ತಿದ್ದರು. ಪಹಣಿಯಲ್ಲಿ ಈಗಲೂ ಅವರಪ್ಪನ ಹೆಸರೇ ಇದೆ. ಪೌತಿ ಖಾತೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು, ನಾಳೆ ನಾಡಿದ್ದು ಅಂತ ಹಾಗೇ ಉಳಿದಿತ್ತು. ಈಗ ಅತ್ತಿಗೆ ಎರಡು ಮರಣ ಪತ್ರ ಹಿಡಿದುಕೊಂಡು ಓಡಾಡುತ್ತಿದ್ದಾರೆ.

ಕೊನೇ ಮನೆ ಅಕ್ಕನ ಬಗ್ಗೆ ನನಗೆ ಸಿಕ್ಕಿದ್ದು ತುಂಬಾ ಕಡಿಮೆ. ಮದುವೆಯಾಗಿ ಮುಳಬಾಗಿಲು ಕಡೆಯಿಂದ ಬಂದವರು, ಮನೆಮಾತು ತೆಲುಗು. ಗಂಡ ಹೋದಮೇಲೆ ಒಬ್ಬರೇ ಇದ್ದರು. ಎರಡು ಹೊತ್ತೂ ಡೈರಿಗೆ ಹಾಲು ತರುತ್ತಿದ್ದರು. ಡೈರಿ ಸೆಕ್ರೆಟರಿ ಹೇಳಿದ್ದು: "ಅವರ ಹಾಲಿಗೆ ಲ್ಯಾಕ್ಟೊಮೀಟರ್ ಹಾಕೋದೇ ಬೇಕಿರಲಿಲ್ಲ." ಒಬ್ಬರ ಬಗ್ಗೆ ಡೈರಿಯವರು ಇಂಥ ಮಾತು ಆಡಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಫೋಟೊ ಇರಲಿಲ್ಲ. ಆಧಾರ್ ಕಾರ್ಡಿನದ್ದನ್ನೇ ದೊಡ್ಡದು ಮಾಡಿಸಿ ಎಡೆ ಮುಂದೆ ಇಟ್ಟಿದ್ದರು.

ಇನ್ನು ನೀರುಗಂಟಿ ತಾತ. ಇವರ ಕಥೆ ಸ್ವಲ್ಪ ಉದ್ದ.

ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಹಿಂದಿನವರು ಕೆರೆ ಕಟ್ಟಿಕೊಂಡು ಬದುಕಿದರು. ಒಂದರ ಕೋಡಿ ನೀರು ಕೆಳಗಿನ ಕೆರೆಗೆ, ಅದರದ್ದು ಅದಕ್ಕೂ ಕೆಳಗಿನದಕ್ಕೆ. ಪ್ರತಿ ಕೆರೆಗೂ ಒಬ್ಬ ನೀರುಗಂಟಿ. ಕೆರೆಯಿಂದ ಕಾಲುವೆಗೆ ನೀರು ಬಿಡುವ ಬಾಯಿಗೆ ತೂಬು ಅಂತಾರೆ. ಆ ತೂಬು ತೆಗೆಯುವುದು, ಮುಚ್ಚುವುದು, ಅಚ್ಚುಕಟ್ಟಿನಲ್ಲಿ ಯಾರ ಗದ್ದೆಗೆ ಯಾವ ಹೊತ್ತು ನೀರು ಅಂತ ನೋಡಿಕೊಳ್ಳುವುದು ಅವನ ಕೆಲಸ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಒಂದಿಷ್ಟು ಭತ್ತ ಅವನ ಪಾಲು.

ತಾತನಿಗೆ ಈ ಕೆಲಸ ಅವರಪ್ಪನಿಂದ ಬಂದಿದ್ದು. ನೀರಿನಲ್ಲಿ ತೂಬಿನ ಕಲ್ಲು ಎಷ್ಟು ಮುಳುಗಿದೆ ಅಂತ ನೋಡಿ, ಈ ಸಲ ಎಷ್ಟು ಎಕರೆ ನಾಟಿ ಮಾಡಬಹುದು ಅಂತ ಹೇಳುತ್ತಿದ್ದರಂತೆ. ಕೆರೆ ಅರ್ಧ ತುಂಬಿದ ವರ್ಷ ಗದ್ದೆಯೂ ಅರ್ಧವೇ. ಯಾರೂ ಪೂರ್ತಿ ನಾಟಿ ಮಾಡುವ ಹಾಗಿಲ್ಲ, ಎಲ್ಲರಿಗೂ ಸ್ವಲ್ಪ ಸ್ವಲ್ಪ. ತೂಬು ತೆಗೆಯುವುದಕ್ಕೆ ಈಜಿಕೊಂಡು ಹೋಗಿ ಮುಳುಗಬೇಕಿತ್ತು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅಂತಾರೆ. ತಾತ ಒರಟು. ರಾತ್ರಿ ಕದ್ದು ಕಾಲುವೆ ಒಡೆದವರಿಗೆ ಸನಿಕೆ ತಿರುಗಿಸಿಕೊಂಡು ಹೋಗುತ್ತಿದ್ದರು. ತಮಗಾಗದವರ ಗದ್ದೆಗೆ ಬೇಕಂತಲೇ ನಡುರಾತ್ರಿಯ ಸರದಿ ಕೊಡುತ್ತಿದ್ದರು ಅಂತ ದೂರು ಈಗಲೂ ಇದೆ. ಇರಬಹುದು. ಆದರೆ ಇದೇ ಊರಲ್ಲಿ ತಾತ ಹುಡುಗನಾಗಿದ್ದಾಗ ಮೇಲಿನ ಬೀದಿಯ ಬಾವಿಯಿಂದ ನೀರು ಸೇದುವ ಹಾಗಿರಲಿಲ್ಲ. ಊರಿಗೆಲ್ಲ ನೀರು ಹಂಚುತ್ತಿದ್ದ ಮನೆಯ ಹುಡುಗ. ಅದನ್ನೂ ಹೇಳದೆ ಬರೀ ಒರಟು ಅಂದರೆ ನ್ಯಾಯ ಅಲ್ಲ.

ಆಮೇಲೆ ಮಳೆ ಕೈಕೊಟ್ಟಿತು, ಬೋರ್‌ವೆಲ್ ಬಂತು. ಸಾವಿರ ಅಡಿ, ಸಾವಿರದ ಇನ್ನೂರು, ಇನ್ನೂ ಕೆಳಗೆ. ಕೆರೆಯಲ್ಲಿ ಜಾಲಿ ಬೆಳೆಯಿತು, ಹುಡುಗರು ಕ್ರಿಕೆಟ್ ಆಡಿದರು. ನಾನೂ ಆಡಿದ್ದೇನೆ. ತಾತ ಏರಿ ಮೇಲೆ ಕೂತು ಬೀಡಿ ಸೇದುತ್ತಾ ನೋಡುತ್ತಿದ್ದರು.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ, ಪೈಪಿನಲ್ಲಿ ತಂದು, ಒಂದರಿಂದ ಇನ್ನೊಂದು ಕೆರೆಗೆ ಹರಿಸುವ ಯೋಜನೆ. ನಮ್ಮ ಕೆರೆಗೂ ಬಂತು. ತಾತ ಒಗೆದ ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ತೂಬಿನ ಹತ್ತಿರ ಹೋದರು. ಪಂಚಾಯ್ತಿಯವರು ತಡೆದರು. ಈ ನೀರು ಅಂತರ್ಜಲಕ್ಕೆ ಮಾತ್ರ, ನೇರವಾಗಿ ಗದ್ದೆಗೆ ಬಿಡುವ ಹಾಗಿಲ್ಲ, ಪಂಪ್ ಇಡುವ ಹಾಗೂ ಇಲ್ಲ. ನಿಯಮ ಹಾಗಿದೆ. ತಾತ ಕೇಳಿದರು: "ಬಿಡೋ ಹಂಗಿಲ್ದಿರೋ ನೀರ್‌ನ ಕೆರೆಗ್ ಯಾಕ್ ತುಂಬ್ಸಿದ್ರಪ್ಪ?"

ಬೋರ್‌ವೆಲ್ ಅಂತ ಉತ್ತರ ಕೊಟ್ಟರು. ಅದು ಸುಳ್ಳಲ್ಲ. ನಮ್ಮ ತೋಟದಲ್ಲೇ ಬತ್ತಿದ್ದ ಬೋರ್‌ನಲ್ಲಿ ನೀರು ಬಂತು. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನುವ ಜಗಳ ಜಿಲ್ಲೆಯಲ್ಲಿ ಬೇರೆ ಇದೆ, ಅದಕ್ಕೇ ಒಂದು ವಿಡಿಯೊ ಬೇಕು. ಆದರೆ ತಾತನ ಮಟ್ಟಿಗೆ ಆಗಿದ್ದೇನು? ಎಷ್ಟೋ ವರ್ಷ ಕಾದ ನೀರು ಬಂತು, ಕೆಲಸ ಬರಲಿಲ್ಲ.

ಕೆಲಸ ಬಂದಿದ್ದು 2021ರ ನವೆಂಬರಿನಲ್ಲಿ. ಆ ಮಳೆ ನಿಮಗೂ ನೆನಪಿರಬೇಕು. ಮೊದಲೇ ನೀರಿದ್ದ ಕೆರೆ, ಮೇಲೆ ಬಿಡದ ಮಳೆ. ಕೋಡಿ ಬಿತ್ತು. ರಾತ್ರಿ ಏರಿಯ ಒಂದು ಕಡೆ ನೀರು ಜಿನುಗಲು ಶುರುವಾದಾಗ ಊರಲ್ಲಿ ಯಾರಿಗೂ ಏನು ಮಾಡಬೇಕು ಅಂತ ತೋಚಲಿಲ್ಲ. ತಾತನನ್ನು ಬೈಕ್ ಮೇಲೆ ಕೂರಿಸಿಕೊಂಡು ಹೋದರು. ಎಲ್ಲಿ ಮರಳಿನ ಮೂಟೆ ಹಾಕಬೇಕು, ಕೋಡಿ ಬಾಯಲ್ಲಿ ಸಿಕ್ಕಿಕೊಂಡಿದ್ದ ಜಾಲಿ ಮುಳ್ಳನ್ನು ಯಾವ ಕಡೆಯಿಂದ ಎಳೆಯಬೇಕು, ಎಲ್ಲ ನಿಂತು ಹೇಳಿದರು. ಬೆಳಗಾಗುವ ತನಕ ಬೈದರು. ಸರದಿ ಬಗ್ಗೆ ದೂರುತ್ತಿದ್ದ ಮನೆಯವರೂ ಆ ರಾತ್ರಿ ಬೈಸಿಕೊಂಡು ಮೂಟೆ ಹೊತ್ತರು.

ಗಂಗಮ್ಮನ ಪೂಜೆ ಮಾಡಿ ಬಾಗಿನ ಕೊಟ್ಟ ದಿನ ಮುಖಂಡರೆಲ್ಲ ಬಂದಿದ್ದರು. ಅವತ್ತಿನ ಫೋಟೊಗಳಲ್ಲಿ ತಾತನನ್ನು ಹುಡುಕಿದೆ. ಒಂದರಲ್ಲಿ ಹಿಂದೆ ಟವೆಲ್ ಮಾತ್ರ ಕಾಣುತ್ತದೆ.

ತಾತನ ಮೊಮ್ಮಗ ನರಸಾಪುರದಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಾನೆ. ತಾತ ಅವನಿಗೆ ತೂಬಿನ ಲೆಕ್ಕ ಸ್ವಲ್ಪ ಹೇಳಿಕೊಟ್ಟಿದ್ದಾರಂತೆ, ಯಾವ ಕಲ್ಲಿನವರೆಗೆ ನೀರಿದ್ದರೆ ಎಷ್ಟು ಗದ್ದೆ ಅಂತ. ಮುಂದಿನ ಭಾನುವಾರ ರಜೆ, ಬಾ ತೋರಿಸ್ತೀನಿ ಅಂದಿದ್ದಾನೆ. ಅವನಿಗೆ ಈಜು ಬರುವುದಿಲ್ಲ, ನನಗೂ ಬರುವುದಿಲ್ಲ. ದಡದಿಂದಲೇ ಶೂಟ್ ಮಾಡುತ್ತೇವೆ. ನಿಮ್ಮ ಊರಿನ ನೀರುಗಂಟಿ ಇನ್ನೂ ಇದ್ದರೆ ಹೇಳಿ, ಅಲ್ಲಿಗೂ ಬರುತ್ತೇನೆ. ನಮಸ್ಕಾರ.