ಸೊಂಟ ಅನ್ನಬೇಡಿ, ಬೆರಳಿಟ್ಟು ತೋರಿಸಿ

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಕೆಲಸ ಮಾಡಿ. ನಿಮ್ಮ ಹಿಪ್ ಜಾಯಿಂಟ್ ಎಲ್ಲಿದೆ, ಬೆರಳಿಟ್ಟು ತೋರಿಸಿ.

ನೋಡಿದಿರಾ! ಮುಕ್ಕಾಲು ಸಭೆಯ ಕೈ ಪಕ್ಕಕ್ಕೆ ಹೋಯಿತು, ಹಿಂದಿನ ಸಾಲಿನವರದ್ದು ಬೆನ್ನಿಗೆ. ನರ್ಸಿಂಗ್ ಕೊನೇ ವರ್ಷದವರೂ ಸೇರಿದ್ದೀರಿ, ಇರಲಿ. ಪಕ್ಕದಲ್ಲಿ ಕೈಗೆ ಸಿಗುವ ಗಟ್ಟಿ ಉಬ್ಬು ತೊಡೆಮೂಳೆಯದ್ದು, ಗ್ರೇಟರ್ ಟ್ರೊಕಾಂಟರ್. ಕೀಲು, ಅಂದರೆ ತೊಡೆಮೂಳೆಯ ತುದಿಯ ಗುಂಡು ಪೆಲ್ವಿಸ್ ಎಂಬ ಕಿಬ್ಬೊಟ್ಟೆ ಸುತ್ತಲಿನ ಮೂಳೆಯ ಬಟ್ಟಲಲ್ಲಿ ಕೂರುವ ಜಾಗ, ಇರುವುದು ಮುಂದೆ. ತೊಡೆಸಂದಿನ ನಡುವೆ ನಾಡಿ ಬಡಿಯುತ್ತದಲ್ಲ, ಅದರ ಹಿಂದೆ, ಆಳದಲ್ಲಿ.

ನನ್ನ ತಕರಾರು ಭಾಷೆಯ ಮೇಲೆ. ಸೊಂಟ, ನಡು, ಟೊಂಕ ಅಂತ ಒಂದೇ ಜಾಗಕ್ಕೆ ಮೂರು ಹೆಸರಿಟ್ಟಿದ್ದೇವೆ, ಈ ಕೀಲಿಗೆ ಆಡುಮಾತಿನಲ್ಲಿ ಒಂದೂ ಇಲ್ಲ. ಪಠ್ಯಪುಸ್ತಕ ‘ಚಪ್ಪೆ’ ಅನ್ನುತ್ತದೆ. ಮಂಗಳೂರು ಕಡೆ ಹಾಗಂದರೆ ಉಪ್ಪು ಸಾಲದ ಸಾರು ನೆನಪಾಗುತ್ತದೆ. ಹಾಗಾಗಿ ಬೆನ್ನು ಹಿಡಿದರೂ ಸೊಂಟ, ತೊಡೆಸಂದು ನೊಂದರೂ ಸೊಂಟ.

ಇದರಿಂದ ಏನಾಗುತ್ತದೆ? ಅಜ್ಜಿ ಬಚ್ಚಲಲ್ಲಿ ಜಾರಿದರು, ‘ಸೊಂಟ ಹಿಡಿದಿದೆ’ ಅಂದರು. ಬೆನ್ನಿನ ಎಕ್ಸ್‌ರೇ ಆಯಿತು, ಅದರಲ್ಲಿ ಏನೂ ಇಲ್ಲ. ಮನೆಗೆ ಬಂದು ಎಣ್ಣೆ ಹಚ್ಚಿ ನೀವಿದ್ದೂ ಆಯಿತು. ಹೊದಿಕೆ ಸರಿಸಿ ಪಾದ ನೋಡಿದವರಿಲ್ಲ. ತೊಡೆಮೂಳೆಯ ಕತ್ತು, ಅಂದರೆ ಗುಂಡಿನ ಕೆಳಗಿನ ಸಪೂರ ಭಾಗ, ಮುರಿದು ಜರುಗಿದ್ದರೆ ಆ ಕಾಲು ತುಸು ಗಿಡ್ಡವಾಗಿ, ಪಾದ ಹೊರಕ್ಕೆ ವಾಲಿಕೊಂಡಿರುತ್ತದೆ. ಇನ್ನೊಂದು ಬಗೆಯದ್ದು ಇನ್ನೂ ಮೋಸದ್ದು: ಮುರಿದ ತುದಿಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ, ಅಜ್ಜಿ ನಾಲ್ಕು ಹೆಜ್ಜೆ ನಡೆದೂ ಬಿಡುತ್ತಾರೆ. ಎರಡು ದಿನ ಬಿಟ್ಟು ಕಚ್ಚು ಬಿಟ್ಟುಕೊಳ್ಳಬಹುದು. ಆದ್ದರಿಂದ ಬಿದ್ದವರಿಗೆ ತೊಡೆಸಂದು ನೊಂದರೆ, ಕಾಲು ನೆಟ್ಟಗೆ ಎತ್ತಲು ಆಗದಿದ್ದರೆ, ನೀವಬೇಡಿ, ನಿಲ್ಲಿಸಬೇಡಿ. ಎರಡೂ ಹಿಪ್ ಕಾಣುವಂತೆ ಪೆಲ್ವಿಸ್ ಎಕ್ಸ್‌ರೇ ಆಗಬೇಕು. ಅದರಲ್ಲಿ ಕಾಣದೆ ಅನುಮಾನ ಉಳಿದರೆ ಎಂಆರ್‌ಐ.

ಇಷ್ಟು ಅವಸರ ಯಾಕೆ? ರಕ್ತದ ದಾರಿ ನೋಡಿ. ತೊಡೆಮೂಳೆಯ ಆ ಗುಂಡು ದೊಡ್ಡ ನಿಂಬೆಹಣ್ಣಿನಷ್ಟಿದೆ; ಅದಕ್ಕೆ ಬರುವ ರಕ್ತದ ಬಹುಪಾಲು ಕತ್ತಿನ ಬುಡದಿಂದ ಹತ್ತುತ್ತದೆ. ಮರಕ್ಕೆ ಬಳ್ಳಿ ಅಂಟಿಕೊಂಡ ಹಾಗೆ ಸಣ್ಣ ರಕ್ತನಾಳಗಳು ಮೂಳೆಗೇ ಅಂಟಿಕೊಂಡು ಮೇಲೇರುತ್ತವೆ. ಕತ್ತು ಮುರಿದು ಜರುಗಿದರೆ ಬಳ್ಳಿಯೂ ಕಿತ್ತುಹೋಗುತ್ತದೆ, ಗುಂಡು ಒಳಗೇ ಸಾಯಬಹುದು. ಅದೇ ಒಂದೆರಡು ಅಂಗುಲ ಕೆಳಗೆ, ಹೊರಗಿನ ದೊಡ್ಡ ಟ್ರೊಕಾಂಟರ್, ಒಳಬದಿಯ ಚಿಕ್ಕದು, ಈ ಎರಡು ಉಬ್ಬುಗಳ ನಡುವೆ ಮುರಿದರೆ ರಕ್ತಸ್ರಾವ ಹೆಚ್ಚು, ಆದರೆ ಸುತ್ತ ಮಾಂಸವಿದೆ, ರಾಡು ಹಾಕಿದರೆ ಕೂಡಿಕೊಳ್ಳುತ್ತದೆ. ಮನೆಯವರ ಬಾಯಲ್ಲಿ ಎರಡೂ ‘ಸೊಂಟ ಮುರಿದಿದೆ’!

ಗುಂಡು ಸತ್ತರೆ ಬದಲಿಸಬೇಕು. ಇಲ್ಲಿ ಕೃತಕ ಹಿಪ್ ರೂಪಿಸಿದ ಶಸ್ತ್ರವೈದ್ಯ ಜಾನ್ ಚಾರ್ನ್ಲಿ ಕಥೆ ಹೇಳದೆ ಮುಂದೆ ಹೋಗಲಾರೆ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಅವರು ಮೊದಲು ಟೆಫ್ಲಾನ್ ಬಟ್ಟಲು ಕೂರಿಸಿದರು. ಹೌದು, ನಿಮ್ಮ ದೋಸೆ ಕಾವಲಿಯ ಟೆಫ್ಲಾನೇ. ಕೆಲವೇ ವರ್ಷಗಳಲ್ಲಿ ಅದು ಸವೆದು, ಪುಡಿ ಸುತ್ತಲಿನ ಮಾಂಸವನ್ನು ಕೆಡಿಸಿತು. 1962ರಲ್ಲಿ ಒಬ್ಬ ಮಾರಾಟಗಾರ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ತುಂಡು ತಂದ. ಚಾರ್ನ್ಲಿ ಉಗುರಿನಿಂದ ಒತ್ತಿ ನೋಡಿ, ಇದು ಆಗದು ಅಂತ ಹೊರಟುಹೋದರು. ಅವರ ತಂತ್ರಜ್ಞ ಹ್ಯಾರಿ ಕ್ರೇವನ್ ಸುಮ್ಮನೆ ಅದನ್ನು ಸವೆತದ ಯಂತ್ರಕ್ಕೆ ಕಟ್ಟಿದ. ಮೂರು ವಾರ ಹಗಲೂರಾತ್ರಿ ಉಜ್ಜಿದರೂ, ಟೆಫ್ಲಾನ್ ಒಂದು ದಿನಕ್ಕೆ ಸವೆಯುವಷ್ಟೂ ಅದು ಸವೆಯಲಿಲ್ಲ! ಚಾರ್ನ್ಲಿ ಎರಡೂ ಪುಡಿಗಳನ್ನು ತಮ್ಮ ತೊಡೆಯೊಳಗೇ ಸೇರಿಸಿಕೊಂಡು ಪರೀಕ್ಷಿಸಿದರು. ಟೆಫ್ಲಾನಿನ ಕಡೆ ಗಂಟು ಬೆಳೆಯಿತು. ಆ ಪಾಲಿಎಥಿಲೀನಿನ ಸುಧಾರಿತ ರೂಪ ಇವತ್ತೂ ಬಳಕೆಯಲ್ಲಿದೆ.

ಅಯ್ಯೋ, ಟೈಮ್ ಆಯಿತು ಅನ್ನುವ ಚೀಟಿ ಬಂದೇಬಿಟ್ಟಿತು. ತೊಡೆಯ ಸ್ನಾಯುಗಳ ಸ್ಲೈಡು ಹಾಗೇ ಉಳಿಯಿತು, ಬೇಗ ಬೇಗ ಹೇಳುತ್ತೇನೆ.

ಮಗು ಕುಂಟುತ್ತಾ ಮೊಣಕಾಲು ತೋರಿಸುತ್ತದೆ, ಮೊಣಕಾಲಿನ ಎಕ್ಸ್‌ರೇ ಚೆನ್ನಾಗಿದೆ. ಆಗ ಹಿಪ್ ನೋಡಲೇಬೇಕು. ಒಬ್ಟುರೇಟರ್ ನರ ಎರಡೂ ಕೀಲಿಗೆ ಕವಲು ಕೊಡುತ್ತದೆ, ಇಲ್ಲಿಯ ನೋವು ಅಲ್ಲಿ ಕೂಗುತ್ತದೆ. ಬೆರಳಿಟ್ಟು ತೋರಿಸಿ ಅಂದೆನಲ್ಲ, ಬೆರಳೂ ಸುಳ್ಳು ಹೇಳುವುದು ಇದೊಂದು ಕಡೆ.

ತೊಡೆಯ ಹೊರಮೈ ಚರ್ಮ ಉರಿದು ಜೋಮು ಹಿಡಿದರೆ ಬೆಲ್ಟು, ಲಂಗದ ಲಾಡಿ ಸಡಿಲಿಸಿ ನೋಡಿ. ಅಲ್ಲೊಂದು ಚರ್ಮದ ನರ ಒತ್ತಿಕೊಳ್ಳುತ್ತದೆ. ಕೂಸಿನ ಇಂಜೆಕ್ಷನ್ ತೊಡೆಯ ಮುಂಭಾಗದ ಹೊರಮಗ್ಗುಲಿಗೆ, ಮಧ್ಯದ ಮೂರನೇ ಒಂದು ಭಾಗದಲ್ಲಿ. ಪೃಷ್ಠಕ್ಕೆ ಬೇಡ, ಸಯಾಟಿಕ್ ನರ ಅಲ್ಲೇ ಹಾಯುತ್ತದೆ.

ಕೊನೆಗೆ ಕೋಲು. ಒಂಟಿ ಕಾಲಲ್ಲಿ ನಿಂತಾಗ ಕೀಲು ಏತದ ಕಂಬ ಇದ್ದ ಹಾಗೆ. ಮೈಭಾರ ಕಂಬದ ಒಳಬದಿಗೆ ದೂರದಲ್ಲಿ, ಅದನ್ನು ಹಿಡಿದೆಳೆಯುವ ಪೃಷ್ಠದ ಸ್ನಾಯು ಗ್ಲೂಟಿಯಸ್ ಮೀಡಿಯಸ್ ಹೊರಬದಿಗೆ ಹತ್ತಿರದಲ್ಲಿ. ಅದು ದುಪ್ಪಟ್ಟು ಎಳೆಯಬೇಕು. 60 ಕೆಜಿ ಮನುಷ್ಯನ ಕೀಲಿನ ಮೇಲೆ 150 ಕೆಜಿಯಷ್ಟು ಬೀಳುತ್ತದೆ. ಎದುರುಬದಿಯ ಕೈಯಲ್ಲಿ ಕೋಲೂರಿದರೆ ಸ್ನಾಯು ಅಷ್ಟು ಎಳೆಯಬೇಕಿಲ್ಲ. ನೋವಿನ ಬದಿಯಲ್ಲೇ ಊರಿದರೆ ಅಷ್ಟು ಲಾಭ ಸಿಗುವುದಿಲ್ಲ.

ಮುಂದಿನ ಸಾಲಿನ ಯಜಮಾನರೇ, ಬಲಗಡೆ ನೋವು ಅಂದಿರಲ್ಲವೇ? ಹಾಗಾದರೆ ಆ ಕೋಲು ಎಡಗೈಗೆ ಬರಲಿ. ಹಾ, ಈಗ ಮೆಲ್ಲಗೆ ಎದ್ದೇಳಿ.